ಬಾತ್‌ಟಬ್ ಪ್ಯಾನೆಲ್‌ಗೆ ರಟ್ಟಿನ ಅಚ್ಚು
ಟಬ್‌ನ ಮುಂದಿನ ಪ್ಯಾನೆಲ್ ಸಂದಿ ಬಿಡದೆ ಕೂರಬೇಕಾದರೆ ಟೇಪ್ ಅಳತೆ ನಂಬಬೇಡಿ, ಮೊದಲು ರಟ್ಟಿನ ಅಚ್ಚು ಮಾಡಿ. ಲೆವೆಲ್ ನೋಡಿ ರಟ್ಟು ನಿಲ್ಲಿಸಿ, ರಟ್ಟಿಗೂ ನೆಲಕ್ಕೂ ನಡುವಿನ ಸಂದಿಗಿಂತ ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನೆಲದುದ್ದಕ್ಕೂ ಜಾರಿಸುತ್ತಾ ಗೆರೆ ಎಳೆಯಿರಿ. ಆ ಗೆರೆಗೆ ಕತ್ತರಿಸಿದ ಮೇಲೆಯೇ ಮೇಲಂಚಿನ ಗುರುತು. ನಮ್ಮ ಬಾತ್‌ರೂಮ್ ನೆಲಕ್ಕೆ ನೀರು ಹೋಗುವ ಕಡೆ ವಾಟ ಕೊಟ್ಟಿರುತ್ತಾರಲ್ಲ, ಅದು ಹಾಗೆಯೇ ಗೆರೆಗೆ ಇಳಿಯುತ್ತದೆ. ಸೊಟ್ಟ ಗೋಡೆಗೂ ಇದೇ ಉಪಾಯ. ಈ ಅಚ್ಚಿಟ್ಟು ಕತ್ತರಿಸುವ ಬೋರ್ಡು ಪಿವಿಸಿಯದೇ ಇರಲಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ (ಅಂಗಡಿಯವರು ಏನೇ ಹೇಳಲಿ). ಅಂಚು ಮಡಿಸಿದ ರೆಡಿಮೇಡ್ ಅಕ್ರಿಲಿಕ್ ಪ್ಯಾನೆಲ್‌ಗೆ ಮಾತ್ರ ಇದು ಆಗದು, ಮಡಿಕೆ ಕತ್ತರಿಸಿದರೆ ಗಟ್ಟಿತನವೇ ಹೋಗುತ್ತದೆ. ಸಿಲಿಕೋನ್‌ನಿಂದ ಅಂಟಿಸಬೇಡಿ, ಸ್ಕ್ರೂ ಹಾಕಿ: ಒಳಗಿನ ಪೈಪು ಸೋರಿದರೆ ಪ್ಲಂಬರ್ ಒಡೆಯದೆ ಬಿಚ್ಚುವಂತಿರಬೇಕು.