ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ರಷ್ಯಾದ ಗೆಳೆಯರೊಂದಿಗೆ ತಂಗುವವರಿಗೆ

ರಷ್ಯಾದ ಗೆಳೆಯರಿಗೆ ಟೆಂಟ್ ಹಾಕುವುದನ್ನು ನಾವು ಕಲಿಸಬೇಕಾಗಿಲ್ಲ. ಕಾಡಿನ ಸರೋವರಗಳ ದಂಡೆಯಲ್ಲಿ ಬೇಸಿಗೆ ಕಳೆಯುವುದು ಅಲ್ಲಿನ ಅನೇಕರಿಗೆ ಚಿಕ್ಕಂದಿನ ರೂಢಿ. ಅವರಿಗೆ ತಿಳಿಸಿ ಹೇಳಬೇಕಾದದ್ದು ನಮ್ಮ ನೀರಿನ ಗುಣವನ್ನು. ಆಲಮಟ್ಟಿಯ ಹಿನ್ನೀರು ತಾನಾಗಿ ಹುಟ್ಟಿದ ಸರೋವರವಲ್ಲ. ಊರು, ಹೊಲ, ಬಾವಿಗಳನ್ನು ಮುಳುಗಿಸಿಕೊಂಡು ನಿಂತ ಕೃಷ್ಣೆಯ ನೀರು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದಂತೆಯೇ ಹಳೆಯ ಬಾವಿಯೋ ಗೋಡೆಯೋ ಕಾಲಿಗೆ ಸಿಗಬಹುದು, ತಳದ ಕೆಸರಿನಲ್ಲಿ ಕಾಲು ಹೂತುಕೊಳ್ಳಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ. ರಷ್ಯನ್ ಭಾಷೆಯಲ್ಲಿ ಮೊಸಳೆಗೆ ‘ಕ್ರಕದೀಲ್’ ಎನ್ನುತ್ತಾರೆ. ದಂಡೆಗೆ ಇಳಿಯುವ ಮೊದಲೇ ಆ ಮಾತನ್ನು ಹೇಳಿ, ಈಜು ಬೇಡವೆಂದು ಸ್ಪಷ್ಟಪಡಿಸಿರಿ. ಅತಿಥಿಗಳ ಮನಸ್ಸು ನೋಯಬಾರದೆಂದು ಈ ಮಾತನ್ನು ಮುಂದೂಡುವುದು ತಪ್ಪು.

ಹೋಗಲು ಜನವರಿ ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ನೀರಿನ ಮಟ್ಟ ಏರಿಳಿಯುತ್ತಿರುತ್ತದೆ, ಎರೆಮಣ್ಣು ಜಿಗುಟಾಗಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಅದೇ ಮಣ್ಣು ಒಣಗಿದಾಗ ಬಿರುಕು ಬಿಟ್ಟು ಚೇಳುಗಳಿಗೆ ಮನೆಯಾಗುತ್ತದೆ. ಆದ್ದರಿಂದ ನೀರಿನಿಂದ ದೂರವಿರುವ, ಗರಸು ನೆಲದ ಎತ್ತರದ ಜಾಗವನ್ನೇ ಆರಿಸಿ, ಅದು ಯಾರ ಹೊಲವೆಂದು ವಿಚಾರಿಸಿ, ಅವರ ಒಪ್ಪಿಗೆ ಪಡೆಯಬೇಕು. ಅಣೆಕಟ್ಟೆಯ ಸಮೀಪ ಬಿಡಾರವೂ ಬೇಡ, ಡ್ರೋನ್ ಹಾರಿಸುವುದೂ ಬೇಡ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಜೊತೆಗೆ ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ ಹೋಗುವುದು ಲೇಸು.

ರಾತ್ರಿಯ ಚಳಿ ಅವರಿಗೆ ಲೆಕ್ಕಕ್ಕಿಲ್ಲ, ಹಗಲಿನ ಬಿಸಿಲೇ ಕಾಡುತ್ತದೆ. ತಲೆಗೊಂದಕ್ಕೆ ನಾಲ್ಕು ಲೀಟರಿನಂತೆ ಕುಡಿಯುವ ನೀರು ಒಯ್ಯಿರಿ.

ಇನ್ನು ಒಲೆಯ ಮಾತು. ಜಾಲಿ ಕಟ್ಟಿಗೆಯ ಕೆಂಡ ಬಹಳ ಹೊತ್ತು ಆರದು. ಈರುಳ್ಳಿಯಲ್ಲಿ ನೆನೆಸಿದ ಮಾಂಸವನ್ನು ಸರಳಿಗೆ ಪೋಣಿಸಿ ಸುಡುವ ಅವರ ‘ಶಶ್ಲಿಕ್’ಗೆ ಅದು ಹೇಳಿ ಮಾಡಿಸಿದಂತಿದೆ. ಬೆಳಿಗ್ಗೆ ಮೀನುಗಾರರಿಂದ ತಾಜಾ ಮೀನು ಕೊಂಡರೆ ಆಲೂಗಡ್ಡೆ, ಈರುಳ್ಳಿ, ಮೆಣಸಿನ ಕಾಳು ಹಾಕಿ ‘ಉಖಾ’ ಎಂಬ ತಿಳಿಸಾರನ್ನು ಅವರೇ ಮಾಡಿ ಬಡಿಸುತ್ತಾರೆ. ಖಾರವನ್ನು ಬೇರೆಯಾಗಿಯೇ ಇಡಿರಿ. ನಮ್ಮ ಕಡೆಯಿಂದ ಸೀತನಿಗಿಂತ ಮೇಲಾದ ಉಪಚಾರ ನನಗೆ ತೋಚದು: ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿಯೇ ಉಜ್ಜಿ ಕಾಳು ಬಿಡಿಸಿ, ಶೇಂಗಾ ಚಟ್ನಿ, ಬೆಲ್ಲದೊಂದಿಗೆ ಅಂಗೈಗೆ ಹಾಕಿರಿ. ಬೂದಿಯಲ್ಲಿ ಹುದುಗಿಸಿ ಸುಟ್ಟ ಆಲೂಗಡ್ಡೆ ತಿಂದು ಬೆಳೆದವರಿಗೆ ಆ ಹೊಗೆಯ ರುಚಿ ಹೊಸದಲ್ಲ. ಚಹಾವನ್ನು ಹಾಲಿಲ್ಲದೆ, ನಿಂಬೆಹೋಳಿನೊಂದಿಗೆ ಕೊಡಬಹುದು. ಅದೇ ಹೊತ್ತಿಗೆ ಈ ಜಲಾಶಯದ ಹೆಸರು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವೆಂದೂ, ಶಾಸ್ತ್ರೀಜಿ 1966ರ ಜನವರಿ 11ರಂದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ತಾಷ್ಕೆಂಟಿನಲ್ಲಿ ತೀರಿಕೊಂಡರೆಂದೂ ತಿಳಿಸಿರಿ. ಎರಡೂ ನಾಡುಗಳ ನೆನಪು ಕೂಡುವ ಮಾತು ಅದು.

ಪ್ರಯಾಣಕ್ಕೆ ಮೊದಲು ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳುವುದು ರಷ್ಯನ್ನರ ಹಳೆಯ ಪದ್ಧತಿ. ನೀವೂ ಜೊತೆಗೆ ಕೂಡಿರಿ. ಆದರೆ ಅದಕ್ಕೆ ಮುಂಚೆಯೇ ಕೆಂಡಕ್ಕೆ ನೀರು ಸುರಿದು, ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾದುದನ್ನು ಖಚಿತಪಡಿಸಿಕೊಂಡು, ಕಸದ ಚೀಲವನ್ನು ಗಾಡಿಗೆ ಏರಿಸಿರಬೇಕು.