ಐದು ಮುಚ್ಚಳ, ಒಂದು ಗುಂಡಿ: ಆಫ್‌ಸೈಡ್ ಹೀಗೆ ಕಲಿಯಿರಿ

ಫುಟ್‌ಬಾಲ್ ಪಂದ್ಯ ನೋಡುತ್ತಾ ಗೋಲ್ ಆಯ್ತು ಅಂತ ಎದ್ದು ಕುಣಿದಿರುತ್ತೀರಿ. ಅಷ್ಟರಲ್ಲಿ ಗೆರೆಯ ಪಕ್ಕದಲ್ಲಿ ನಿಂತವರು ಬಾವುಟ ಎತ್ತಿರುತ್ತಾರೆ, ಗೋಲ್ ಹೋಯ್ತು. ಯಾಕೆ ಅಂತ ಪಕ್ಕದವರನ್ನು ಕೇಳಿದರೆ 'ಆಫ್‌ಸೈಡ್' ಅನ್ನುತ್ತಾರೆ. ಹಂಗಂದ್ರೇನು ಅಂತ ಕೇಳಿದರೆ 'ಅವನು ಮುಂದೆ ಇದ್ದ' ಅನ್ನುತ್ತಾರೆ. ಯಾರಿಗಿಂತ ಮುಂದೆ? ಯಾವಾಗ? ಅಲ್ಲಿಗೆ ಮಾತು ನಿಲ್ಲುತ್ತದೆ, ಯಾಕಂದ್ರೆ ಹೇಳುವವರಿಗೂ ಅಷ್ಟೇ ಗೊತ್ತಿರುವುದು.

ಶುರುವಿನಲ್ಲಿ ನಾನೂ ಹೀಗೇ ಇದ್ದೆ. ಒಬ್ಬನೇ ಆಟಗಾರ ಗೋಲಿನ ಕಡೆ ನುಗ್ಗುವುದು ಕಂಡರೆ ಸಾಕು, ಆಫ್‌ಸೈಡ್ ಅಂತ ಕೂಗಿಬಿಡುತ್ತಿದ್ದೆ. ಬಹಳ ಸಲ ತಪ್ಪೇ ಆಗುತ್ತಿತ್ತು. ನಿಯಮ ಅಷ್ಟೇನೂ ಕಷ್ಟದ್ದಲ್ಲ. ಸರಿಯಾದ ಹೊತ್ತಿನಲ್ಲಿ ನನ್ನ ಕಣ್ಣು ಬೇರೆಲ್ಲೋ ಇರುತ್ತಿತ್ತು.

ಈಗ ಒಂದು ಕೆಲಸ ಮಾಡಿ. ಐದು ಬಾಟಲಿ ಮುಚ್ಚಳ ತಗೊಳ್ಳಿ: ಎರಡು ಕೆಂಪು, ಮೂರು ನೀಲಿ. ಚೆಂಡಿಗೆ ಒಂದು ಶರ್ಟಿನ ಗುಂಡಿ ಸಾಕು. ಮೇಜಿನ ಒಂದು ಅಂಚು ನೀಲಿ ತಂಡದ ಗೋಲ್ ಗೆರೆ ಅಂದುಕೊಳ್ಳಿ. ಒಂದು ನೀಲಿ ಮುಚ್ಚಳ ಅಂಚಿನ ಹತ್ತಿರ, ಅದು ಗೋಲ್‌ಕೀಪರ್. ಇನ್ನೆರಡು ನೀಲಿ ಸ್ವಲ್ಪ ಈಚೆಗೆ, ಅಕ್ಕಪಕ್ಕ, ಅವರು ಡಿಫೆಂಡರ್‌ಗಳು. ಕೆಂಪಿನವರು ದಾಳಿ ಮಾಡುವವರು. ಒಬ್ಬನ ಕಾಲಲ್ಲಿ ಚೆಂಡಿದೆ, ಇನ್ನೊಬ್ಬ ಪಾಸ್‌ಗೆ ಕಾಯುತ್ತಿದ್ದಾನೆ.

ಮೊದಲು, ಎಲ್ಲಿ ನಿಂತಿದ್ದಾನೆ?

ಪಾಸ್‌ಗೆ ಕಾಯುತ್ತಿರುವ ಕೆಂಪಿನವನನ್ನು ನೋಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಅವನು ಎದುರಾಳಿಯ ಅರ್ಧದಲ್ಲಿ ಇದ್ದಾನಾ? ಚೆಂಡಿಗಿಂತ ಗೋಲ್ ಗೆರೆಗೆ ಹತ್ತಿರ ಇದ್ದಾನಾ? ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರ ಇದ್ದಾನಾ? ಮೂರಕ್ಕೂ ಹೌದು ಅಂತಾದರೆ ಅವನು ಆಫ್‌ಸೈಡ್ ಜಾಗದಲ್ಲಿದ್ದಾನೆ. ಒಂದಕ್ಕೆ ಇಲ್ಲ ಅಂತ ಬಂದರೂ ಅವನ ತಂಟೆಗೆ ಹೋಗುವ ಹಾಗಿಲ್ಲ. ಸಮಸಮ ಇದ್ದರೂ ಪರವಾಗಿಲ್ಲ, ಮೈದಾನದ ನಡುವಿನ ಗೆರೆಯ ಮೇಲೆ ನಿಂತಿದ್ದರೂ ಪರವಾಗಿಲ್ಲ.

ಜನ ಎಡವುವುದು 'ಕೊನೆಯಿಂದ ಎರಡನೆಯವನು' ಅನ್ನುವಲ್ಲಿ. ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್, ಅವನ ಮುಂದಿನ ಡಿಫೆಂಡರ್ ಎರಡನೆಯವನು. ಅದಕ್ಕೇ ಎಲ್ಲರೂ 'ಕೊನೆಯ ಡಿಫೆಂಡರ್‌ಗಿಂತ ಮುಂದೆ ಇರಬಾರದು' ಅಂತ ಹೇಳಿಕೊಡುತ್ತಾರೆ. ನಿಯಮದಲ್ಲಿ ಮಾತ್ರ ಗೋಲ್‌ಕೀಪರ್ ಅನ್ನುವ ಮಾತೇ ಇಲ್ಲಿ ಬರುವುದಿಲ್ಲ, ಯಾರಾದರೂ ಇಬ್ಬರು ಅಂತಷ್ಟೇ. 2022ರ ವಿಶ್ವಕಪ್‌ನ ಮೊದಲ ಪಂದ್ಯ ನೆನಪಿಸಿಕೊಳ್ಳಿ, ಕತಾರ್ ಮತ್ತು ಈಕ್ವೆಡಾರ್. ಮೂರನೇ ನಿಮಿಷಕ್ಕೇ ಎನ್ನರ್ ವಲೆನ್ಸಿಯಾ ತಲೆಯಿಂದ ಗೋಲ್ ಹೊಡೆದರು, ಆಮೇಲೆ ಅದನ್ನು ತೆಗೆದುಹಾಕಿದರು. ಕತಾರ್‌ನ ಒಬ್ಬ ಡಿಫೆಂಡರ್ ಗೋಲಿನ ಕಡೆ ಕಣ್ಣಿಗೆ ಕಾಣುವ ಹಾಗೆ ನಿಂತಿದ್ದ, ಹಾಗಾಗಿ ನೋಡುತ್ತಿದ್ದವರಿಗೆಲ್ಲ ತಲೆ ಕೆಟ್ಟಿತು. ಆಗಿದ್ದಿಷ್ಟೇ: ಗೋಲ್‌ಕೀಪರ್ ಚೆಂಡಿಗಾಗಿ ಮುಂದೆ ನುಗ್ಗಿಬಿಟ್ಟಿದ್ದ. ಕಾಣುತ್ತಿದ್ದ ಆ ಒಬ್ಬನೇ 'ಕೊನೆಯವನು' ಆದ. ಗೋಲಿಗೆ ಮುಂಚಿನ ಆಟದಲ್ಲಿದ್ದ ಈಕ್ವೆಡಾರ್‌ನ ಮೈಕೆಲ್ ಎಸ್ಟ್ರಾಡಾ ಅವರ ಕಾಲು ಎರಡನೆಯವನನ್ನು ದಾಟಿತ್ತು. ಮೇಜಿನ ಮೇಲೆ ಕೀಪರ್ ಮುಚ್ಚಳವನ್ನು ಡಿಫೆಂಡರ್‌ಗಳಿಗಿಂತ ಈಚೆಗೆ ಎಳೆದು, ಒಬ್ಬ ಡಿಫೆಂಡರ್‌ನನ್ನು ಮಾತ್ರ ಹಿಂದೆ ಬಿಟ್ಟು ನೋಡಿ, ಥಟ್ಟನೆ ಅರ್ಥವಾಗುತ್ತದೆ.

ದೇಹದ ಯಾವ ಭಾಗ ಲೆಕ್ಕಕ್ಕೆ? ತಲೆ, ಮೈ, ಕಾಲು. ಕೈ ಮತ್ತು ತೋಳು ಲೆಕ್ಕಕ್ಕಿಲ್ಲ, ಕಂಕುಳಿನ ಕೆಳಗಂಚಿನ ಮಟ್ಟದಿಂದ ಶುರುವಾಗುವುದು ತೋಳು. ಕೈಯಲ್ಲಿ ಗೋಲ್ ಹೊಡೆಯುವ ಹಾಗಿಲ್ಲವಲ್ಲ, ಅದಕ್ಕೆ.

ಆಮೇಲೆ, ಯಾವ ಗಳಿಗೆಯಲ್ಲಿ?

ಇದೇ ಮುಖ್ಯ. ಮೇಲಿನ ಮೂರು ಪ್ರಶ್ನೆ ಕೇಳಬೇಕಾದದ್ದು ಚೆಂಡು ಅವನ ಕಾಲಿಗೆ ಬಂದಾಗ ಅಲ್ಲವೇ ಅಲ್ಲ. ಅವನ ಜೊತೆಗಾರ ಚೆಂಡನ್ನು ಒದ್ದ ಗಳಿಗೆಯಲ್ಲಿ, ಬೂಟು ಚೆಂಡಿಗೆ ತಾಗಿದ ಆ ಕ್ಷಣದಲ್ಲಿ.

ಮುಚ್ಚಳಗಳಿಗೆ ವಾಪಸ್ ಬನ್ನಿ. ಕಾಯುತ್ತಿರುವ ಕೆಂಪಿನವನನ್ನು ನೀಲಿ ಡಿಫೆಂಡರ್‌ಗಳ ಸಾಲಿಗೆ ಸಮನಾಗಿ ಇಡಿ. ಈಗ ಗುಂಡಿಯನ್ನು ಬೆರಳಲ್ಲಿ ಚಿಮ್ಮಿ. ಗುಂಡಿ ಜಾರುತ್ತಿರುವಾಗಲೇ ಕೆಂಪಿನವನನ್ನು ಮುಂದಕ್ಕೆ ಓಡಿಸಿ. ಚೆಂಡು ಸಿಗುವ ಹೊತ್ತಿಗೆ ಅವನು ಡಿಫೆಂಡರ್‌ಗಳನ್ನು ಒಂದು ಗೇಣು ದಾಟಿರುತ್ತಾನೆ, ಎದುರಿಗೆ ಕೀಪರ್ ಒಬ್ಬನೇ. ನೋಡುವವರಿಗೆ ಅಪ್ಪಟ ಆಫ್‌ಸೈಡ್ ಅನ್ನಿಸುತ್ತದೆ. ಆದರೆ ಚಿಮ್ಮಿದಾಗ ಸಮ ಇದ್ದ ಅಲ್ವಾ? ಗೋಲ್ ಸರಿ.

ಈಗ ಉಲ್ಟಾ ಮಾಡಿ. ಕೆಂಪಿನವನನ್ನು ಮೊದಲೇ ಡಿಫೆಂಡರ್‌ಗಳ ಆಚೆ ಇಡಿ. ಗುಂಡಿ ಚಿಮ್ಮಿದ ಮೇಲೆ ಅವನನ್ನು ಹಿಂದಕ್ಕೆ ಕರೆತಂದು, ಡಿಫೆಂಡರ್‌ಗಳಿಗಿಂತ ಈಚೆ ಚೆಂಡು ಮುಟ್ಟಿಸಿ. ಮುಟ್ಟಿದಾಗ ಅವನು ಎಷ್ಟೇ ಸಭ್ಯವಾಗಿ ಹಿಂದೆ ನಿಂತಿರಲಿ, ಆಫ್‌ಸೈಡೇ. ಈ ಎರಡು ಆಟವನ್ನು ನಾಲ್ಕೈದು ಸಲ ಸುಮ್ನೆ ಆಡಿ ನೋಡಿ. ನಿಮ್ಮ ಪಕ್ಕ ಕೂತು ಕೂಗುವವರಲ್ಲಿ ಮುಕ್ಕಾಲು ಪಾಲು ಜನರಿಗಿಂತ ಜಾಸ್ತಿ ತಿಳಿದುಕೊಂಡಿರುತ್ತೀರಿ.

ಡಿಫೆಂಡರ್‌ಗಳಿಗೂ ಈ ಗಳಿಗೆಯ ಗುಟ್ಟು ಗೊತ್ತು. ಪಾಸ್ ಬರುತ್ತದೆ ಅನ್ನುವಾಗ ಎಲ್ಲರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬಂದುಬಿಡುತ್ತಾರೆ, ದಾಳಿಗಾರ ನಿಂತಲ್ಲೇ ನಿಂತು ಆಫ್‌ಸೈಡ್ ಆಗುತ್ತಾನೆ. ಇದಕ್ಕೆ ಆಫ್‌ಸೈಡ್ ಟ್ರ್ಯಾಪ್ ಅಂತ ಹೆಸರು. ಅದೇ 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾದ ಡಿಫೆಂಡರ್‌ಗಳು ಗೋಲಿನಿಂದ ತುಂಬಾ ದೂರ, ಮೈದಾನದ ನಡುವಿನ ಕಡೆಗೆ ಸಾಲು ಕಟ್ಟಿ ನಿಂತರು. ಮೊದಲರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲ್ ಆಫ್‌ಸೈಡ್‌ಗೆ ಹೋದವು. ಕೊನೆಗೆ ಸೌದಿ 2-1ರಲ್ಲಿ ಗೆದ್ದೂಬಿಟ್ಟಿತು. ಒಬ್ಬನೇ ಒಬ್ಬ ಡಿಫೆಂಡರ್ ಮರೆತು ಹಿಂದೆ ಉಳಿದರೆ ಈ ಬಲೆ ಹರಿದಂತೆ, ಅದಕ್ಕೇ ಇದಕ್ಕೆ ಭಾರೀ ಧೈರ್ಯ ಬೇಕು.

ಕೊನೆಗೆ, ಅವನು ಏನಾದರೂ ಮಾಡಿದನಾ?

ಆಫ್‌ಸೈಡ್ ಜಾಗದಲ್ಲಿ ನಿಲ್ಲುವುದೇ ತಪ್ಪಲ್ಲ. ಅಲ್ಲೇ ನಿಂತು ಬೂಟಿನ ದಾರ ಕಟ್ಟಿಕೊಂಡರೂ ಯಾರೂ ಕೇಳುವುದಿಲ್ಲ. ಜೊತೆಗಾರನ ಪಾಸನ್ನು ಮುಟ್ಟಿದರೆ ತಪ್ಪು. ಮುಟ್ಟದೆಯೂ ಗೋಲ್‌ಕೀಪರ್‌ಗೆ ಚೆಂಡು ಕಾಣದ ಹಾಗೆ ಅಡ್ಡ ನಿಂತರೆ ತಪ್ಪು, ಚೆಂಡಿಗಾಗಿ ಡಿಫೆಂಡರ್ ಜೊತೆ ಗುದ್ದಾಡಿದರೂ ತಪ್ಪು. ಜೊತೆಗಾರ ಹೊಡೆದ ಚೆಂಡು ಕಂಬಕ್ಕೋ ಕೀಪರ್‌ನ ಕೈಗೋ ಬಡಿದು ತನ್ನ ಹತ್ತಿರ ಬಂದಾಗ ಅದನ್ನು ಗೋಲಿಗೆ ತಳ್ಳಿದರೂ ತಪ್ಪೇ.

ಜಗಳ ಜಾಸ್ತಿ ಆಗುವುದು ಇಲ್ಲೇ. 2023ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾರ್ಕಸ್ ರ‍್ಯಾಶ್‌ಫರ್ಡ್ ಆಫ್‌ಸೈಡ್ ಜಾಗದಿಂದ ಚೆಂಡಿನ ಹಿಂದೆಯೇ ಓಡಿದರು. ಆದರೆ ಮುಟ್ಟಲಿಲ್ಲ. ಹಿಂದಿನಿಂದ ಬಂದ ಬ್ರೂನೊ ಫರ್ನಾಂಡಿಸ್ ಗೋಲ್ ಹೊಡೆದರು, ಗೋಲ್ ಉಳಿಯಿತು. ನನ್ನನ್ನು ಕೇಳಿದರೆ ಅದು ಅನ್ಯಾಯ. ಒಬ್ಬ ಅಷ್ಟು ಹತ್ತಿರ ಓಡುತ್ತಿದ್ದರೆ ಡಿಫೆಂಡರ್‌ಗಳು ಅವನನ್ನು ಲೆಕ್ಕಕ್ಕೆ ತಗೊಳ್ಳದೆ ಇರ್ತಾರಾ? ಆದರೆ ಮುಟ್ಟಲಿಲ್ಲ, ಯಾರ ದಾರಿಗೂ ಅಡ್ಡ ಬರಲಿಲ್ಲ ಅಂತ ರೆಫರಿ ಕಂಡರು.

ಡಿಫೆಂಡರ್ ಬೇಕಂತಲೇ ಚೆಂಡು ಆಡಿ, ಅದು ಕೈತಪ್ಪಿ ದಾಳಿಗಾರನಿಗೆ ಸಿಕ್ಕರೆ? ಆಗ ಹಳೆಯ ಲೆಕ್ಕ ಅಳಿಸಿಹೋಗುತ್ತದೆ, ಆಫ್‌ಸೈಡ್ ಇಲ್ಲ. ಗೋಲ್ ತಡೆಯುವ 'ಸೇವ್'ಗೆ ಮಾತ್ರ ಇದು ಅನ್ವಯಿಸುವುದಿಲ್ಲ. 2021ರ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಸ್ಪೇನ್‌ನ ಎರಿಕ್ ಗಾರ್ಸಿಯಾ ಕಾಲು ಚಾಚಿ ಚೆಂಡು ತಾಗಿಸಿದ್ದೇ ನೆಪವಾಗಿ ಫ್ರಾನ್ಸ್‌ನ ಎಂಬಾಪೆ ಹೊಡೆದ ಗೋಲ್ ಉಳಿದುಕೊಂಡಿತು, ಫ್ರಾನ್ಸ್ ಕಪ್ ಗೆದ್ದಿತು. ಗಲಾಟೆ ಜೋರಾಗಿ, ಮರುವರ್ಷ 'ಬೇಕಂತಲೇ ಆಡುವುದು' ಅಂದರೆ ಏನು ಅಂತ ನಿಯಮದವರು ಬಿಡಿಸಿ ಹೇಳಬೇಕಾಯಿತು: ಡಿಫೆಂಡರ್‌ಗೆ ಚೆಂಡನ್ನು ಹಿಡಿತಕ್ಕೆ ತಗೊಳ್ಳುವ ಅವಕಾಶ ನಿಜಕ್ಕೂ ಇತ್ತಾ, ಇಲ್ಲಾ ಸುಮ್ನೆ ಕಾಲು ಚಾಚಿದ್ದಾ ಅಂತ ನೋಡಬೇಕು.

ಮೂರು ಕಡೆ ಆಫ್‌ಸೈಡ್ ಅನ್ನೋದೇ ಇಲ್ಲ: ಚೆಂಡು ಥ್ರೋ-ಇನ್ (ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆಯುವುದು), ಕಾರ್ನರ್ ಕಿಕ್ (ಮೈದಾನದ ಮೂಲೆಯಿಂದ ಒದೆಯುವುದು) ಅಥವಾ ಗೋಲ್ ಕಿಕ್‌ನಿಂದ (ತಮ್ಮ ಗೋಲಿನ ಮುಂದಿನಿಂದ ಒದೆಯುವುದು) ನೇರವಾಗಿ ಬಂದಾಗ. ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಕಿಕ್‌ನಲ್ಲಿ ಇದೆ, ಮರೆಯಬೇಡಿ.

ಇಷ್ಟೆಲ್ಲ ಯಾಕೆ ಬೇಕಿತ್ತು?

ಇಲ್ಲದಿದ್ದರೆ ಒಬ್ಬ ಹೋಗಿ ಕೀಪರ್ ಪಕ್ಕದಲ್ಲೇ ಠಿಕಾಣಿ ಹೂಡುತ್ತಾನೆ, ಉಳಿದವರು ಅವನ ತಲೆಗೆ ಚೆಂಡು ಎಸೆಯುತ್ತಾ ಕೂರುತ್ತಾರೆ. ಹಿಂದೆ ನಿಯಮ ಇನ್ನೂ ಕಟ್ಟುನಿಟ್ಟು. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಮೊದಲ ನಿಯಮ ಬರೆದಾಗ ಚೆಂಡಿಗಿಂತ ಮುಂದೆ ಇದ್ದವನು ಆಟಕ್ಕೇ ಇಲ್ಲ. 1866ರಲ್ಲಿ ಮುಂದೆ ಮೂವರು ಎದುರಾಳಿ ಇದ್ದರೆ ಸಾಕು ಅಂದರು. 1925ರಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು, ಯಾಕಂದ್ರೆ ಡಿಫೆಂಡರ್‌ಗಳು ಬಲೆ ಹಾಕುವುದರಲ್ಲಿ ಎಷ್ಟು ಪಳಗಿದ್ದರೆಂದರೆ ಆಟ ಮತ್ತೆ ಮತ್ತೆ ನಿಲ್ಲುತ್ತಿತ್ತು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಹಿಂದಿನ ಋತುವಿನಲ್ಲಿ 1,192 ಗೋಲ್ ಆಗಿದ್ದವು, ನಿಯಮ ಬದಲಾದ ಋತುವಿನಲ್ಲಿ 1,703. ಸಮ ನಿಂತವನು ತಪ್ಪಿತಸ್ಥ ಅಲ್ಲ ಅಂತಾದದ್ದು 1990ರಲ್ಲಿ.

ಪಂದ್ಯ ನೋಡುವಾಗ

ಪಾಸ್ ಬರುತ್ತದೆ ಅನ್ನಿಸಿದಾಗ ಚೆಂಡು ಬಿಟ್ಟು ಡಿಫೆಂಡರ್‌ಗಳ ಸಾಲು ನೋಡಿ. ಸಹಾಯಕ ರೆಫರಿ ಮಾಡುವುದೂ ಅದೇ: ಕೊನೆಯಿಂದ ಎರಡನೆಯವನ ನೇರಕ್ಕೆ ಸರಿಯಾಗಿ, ಪಕ್ಕ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಓಡುತ್ತಿರುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಈ ಕೆಲಸಕ್ಕೆ ಕ್ಯಾಮೆರಾಗಳೂ ಬಂದಿವೆ. ಕತಾರ್ ವಿಶ್ವಕಪ್‌ನಲ್ಲಿ ಛಾವಣಿಯ ಕೆಳಗಿನ 12 ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತು ಹಾಕಿಕೊಳ್ಳುತ್ತಿದ್ದವು, ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತಿತ್ತು. ಒದ್ದ ಗಳಿಗೆ ಹಿಡಿಯುವುದಕ್ಕೇ ಇಷ್ಟೆಲ್ಲ ಸಾಹಸ.

ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ರೆಫರಿ) ಇರುವ ಪಂದ್ಯದಲ್ಲಿ ಬಾವುಟ ತಡವಾಗಿ ಏಳುತ್ತದೆ. ಅನುಮಾನ ಇದ್ದರೆ ದಾಳಿ ಮುಗಿಯುವವರೆಗೂ ಆಡಲು ಬಿಡುತ್ತಾರೆ, ಯಾಕಂದ್ರೆ ಮೊದಲೇ ಬಾವುಟ ಎತ್ತಿ ಆಟ ನಿಲ್ಲಿಸಿಬಿಟ್ಟರೆ ಸರಿಯಾದ ಗೋಲನ್ನು ವಾಪಸ್ ಕೊಡಲು ಆಗುವುದಿಲ್ಲ. ಬಾವುಟ ಎದ್ದು ಸೀಟಿ ಊದಿದ ಮೇಲೆ ಅದು ಯಾವ ಕಡೆ ತಿರುಗುತ್ತದೆ ನೋಡಿ. ಓರೆಯಾಗಿ ಮೇಲಕ್ಕೆ ಇದ್ದರೆ ತಪ್ಪು ಆದದ್ದು ಮೈದಾನದಲ್ಲಿ ಬಾವುಟ ಹಿಡಿದವರಿಂದ ದೂರದ ಬದಿ, ನೇರ ಅಡ್ಡಕ್ಕೆ ಇದ್ದರೆ ನಡುವೆ, ಕೆಳಕ್ಕೆ ಇದ್ದರೆ ಅವರ ಹತ್ತಿರದ ಬದಿ. ಅಲ್ಲಿಂದಲೇ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಇನ್ನೊಬ್ಬರು ಮುಟ್ಟದೆ ನೇರ ಗೋಲ್ ಆಗದ ಒದೆತ) ಸಿಗುತ್ತದೆ.