ಫ್ರೆಂಚ್ ಪ್ರೆಸ್ ಕಾಫಿ: ಒತ್ತುವುದನ್ನು ಬಿಟ್ಟ ಮೇಲೆ ಕುದುರಿತು

"ಇದು ಕಾಫಿನಾ, ಚರಟ ತೊಳೆದ ನೀರಾ?" ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದರು. ಫ್ರೆಂಚ್ ಪ್ರೆಸ್ ಅಂದರೆ ಪುಡಿಯನ್ನು ಬಿಸಿ ನೀರಲ್ಲಿ ನೆನೆಸಿ, ಜಾಲರಿ ಇರುವ ಪ್ಲಂಜರ್ (ಒತ್ತುಕೋಲು) ಇಳಿಸಿ ಕಾಫಿ ಸೋಸುವ ಜಗ್. ನಮ್ಮದೋ ಫಿಲ್ಟರ್ ಡಿಕಾಕ್ಷನ್ ಮನೆ. ಈಗ ಅದೇ ಮಂದಿ ಭಾನುವಾರ ಪ್ರೆಸ್ ಕಾಫಿಗೆ ಕಾಯುತ್ತಾರೆ, ಅದೂ ಹಾಲು ಸಕ್ಕರೆ ಇಲ್ಲದೆ.

ಕಾಟ ಕೊಟ್ಟಿದ್ದು ಪುಡಿ. ಫಿಲ್ಟರ್‌ಗೆಂದು ಬೀಸಿದ್ದು ತುಂಬಾ ನುಣ್ಣಗಿರುತ್ತದೆ, ಜೊತೆಗೆ ಚಿಕೋರಿ ಬೇರೆ. ಜಾಲರಿ ಕಟ್ಟಿಕೊಂಡು ಪ್ಲಂಜರ್ ಇಳಿಯುವುದೇ ಇಲ್ಲ. ಜೋರು ಮಾಡಿದರೆ ಬಿಸಿ ಕಾಫಿ ಮೈಮೇಲೆ ಚಿಮ್ಮುತ್ತದೆ. ಮಿಕ್ಸಿಯಲ್ಲಿ ಬೀಜ ಒಡೆದು ನೋಡಿದೆ. ಅರ್ಧ ನುಚ್ಚು, ಅರ್ಧ ಧೂಳು. ಹುಳಿ, ಕಹಿ ಎರಡೂ ಒಂದೇ ಲೋಟದಲ್ಲಿ. ಜರಡಿ ಹಿಡಿದರೆ ಹತ್ತಿರ ಹತ್ತಿರ ಕಾಲು ಭಾಗ ದಂಡ. ಕೆಜಿಗೆ 1000 ರೂಪಾಯಿ ದಾಟಿದ ಬೀಜ ಅದು, ಹೊಟ್ಟೆ ಉರಿಯಲ್ವಾ? ಕೊನೆಗೆ ಸ್ಟೀಲ್ ಬರ್ (ಬೀಜ ಅರೆಯುವ ಹಲ್ಲಿನ ಚಕ್ರ) ಇರುವ ಕೈ ಗ್ರೈಂಡರ್ ತಂದೆ, 3000ದ ಆಸುಪಾಸು. ಪ್ರೆಸ್‌ಗೆ ಕೊಟ್ಟಿದ್ದು 800 ಏನೋ. ಬುದ್ಧಿ ಹೇಳಿದವರೇ ಜಾಸ್ತಿ. ಆದರೆ ದುಡ್ಡು ಹಾಕಬೇಕಾದ್ದು ಅಲ್ಲೇ. ಪುಡಿ ಬನ್ಸಿ ರವೆಯ ಹಾಗೆ ಬಿಡಿಬಿಡಿಯಾಗಿ ಬೀಳಬೇಕು.

ಬೀಜ ಚಿಕ್ಕಮಗಳೂರಿನ ಎಸ್.795 ಅನ್ನೋ ಅರೇಬಿಕಾ ತಳಿ, ಮೀಡಿಯಂ ರೋಸ್ಟ್. ಇನ್ನೊಂದು ಬೀಜವನ್ನೂ ಸ್ವಲ್ಪ ಸೇರಿಸುತ್ತೇನೆ. ಯಾವುದು, ಎಷ್ಟು ಅನ್ನೋದು ನನ್ನಲ್ಲೇ ಇರಲಿ.

30 ಗ್ರಾಂ ಪುಡಿಗೆ 450 ಎಂಎಲ್ ನೀರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಆರಿಸುತ್ತಾ ಕೂರಬೇಡಿ, ಸುರಿದುಬಿಡಿ. 4 ನಿಮಿಷಕ್ಕೆ ಮೇಲೆ ಪುಡಿ ದಪ್ಪಗೆ ಕಟ್ಟಿರುತ್ತದೆ. ಚಮಚದಿಂದ ಮೆಲ್ಲಗೆ ಒಡೆದರೆ ಘಮ್ ಅಂತ ಪರಿಮಳ ಏಳುತ್ತದೆ, ಪುಡಿ ಮುಳುಗುತ್ತದೆ. ಉಳಿದ ಕಂದು ನೊರೆ ತೆಗೆದು ಬಿಸಾಕಿ. ಆಮೇಲೆ ಇನ್ನೂ 5–6 ನಿಮಿಷ ಸುಮ್ನೆ ಬಿಡಿ. ನನ್ನ ಕಾಫಿ ಕುದುರಿದ್ದು ಇಲ್ಲೇ. ಧೂಳು ತಾನಾಗೇ ತಳ ಸೇರುತ್ತದೆ. ಪ್ಲಂಜರ್ ಒತ್ತಿದರೆ ಅದೆಲ್ಲ ಮತ್ತೆ ಎದ್ದು ಲೋಟಕ್ಕೆ ಬರುತ್ತದೆ. ಜಾಲರಿ ಕಾಫಿಯ ಮೇಲ್ಭಾಗ ಮುಟ್ಟಿದರೆ ಸಾಕು. ನಿಧಾನವಾಗಿ ಬಗ್ಗಿಸಿ, ತಳದ ಎರಡು ಗುಟುಕು ಬಿಟ್ಟುಬಿಡಿ.

ಬೋರ್‌ವೆಲ್ ನೀರಿನಲ್ಲೂ ಮಾಡಿ ನೋಡಿದೆ. ಅದರ ಗಡಸಿಗೆ ಬೀಜದ ಹುಳಿಯೆಲ್ಲ ಸತ್ತು ಸಪ್ಪೆಯಾಯಿತು. ಕಾವೇರಿ ನೀರೇ ಮೇಲು. ಮಾನ್ಸೂನ್ಡ್ ಮಲಬಾರ್ ಕೂಡ ಹಾಕಿ ನೋಡಿದ್ದೇನೆ. ಕರಾವಳಿಯ ಮಳೆಗಾಳಿಗೆ ಒಡ್ಡಿ ಉಬ್ಬಿಸಿದ ಬೀಜ ಅದು, ಹುಳಿ ಕಮ್ಮಿ, ಮಂದ ಜಾಸ್ತಿ. ಹಾಲು ಬೇಕೇ ಬೇಕು ಅನ್ನುವವರಿಗೆ ಇದೇ ಸರಿ. ನೀರು 400ಕ್ಕೆ ಇಳಿಸಿ, ಹಾಲನ್ನು ಚೆನ್ನಾಗಿ ಬಿಸಿ ಮಾಡಿಯೇ ಬೆರೆಸಿ.